ಹತ್ತರಿಯ ಹೊಟ್ಟು ಮತ್ತು ಹೀರುಗೊಳವೆ: ಒಂದು ಐತಿಹಾಸಿಕ ವಿವೇಚನೆ

೧

ಮರಗೆಲಸದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಉಳಿದುಬಂದ ವಸ್ತುಗಳನ್ನು ಕುರಿತೇ ಬರೆದಿದ್ದಾರೆ. ದೇವಾಲಯದ ಬಾಗಿಲವಾಡ, ಅರಮನೆಯ ಕಂಬ, ಊರ ತೇರು, ಒಕ್ಕಲಿಗನ ಗಾಡಿ ಇವೆಲ್ಲವೂ ಅಧ್ಯಯನಕ್ಕೆ ಪಾತ್ರವಾಗಿವೆ. ಆದರೆ ಇವುಗಳನ್ನು ನಿರ್ಮಿಸುವಾಗ ಮರದಿಂದ ಬೇರ್ಪಟ್ಟು ನೆಲಕ್ಕೆ ಬಿದ್ದ ಭಾಗ ಎಲ್ಲಿಗೆ ಹೋಯಿತು, ಗಾಳಿಯಲ್ಲಿ ತೇಲಿದ ಭಾಗ ಯಾರ ಶ್ವಾಸಕೋಶವನ್ನು ಸೇರಿತು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರು ಕೇಳಿದ್ದು ವಿರಳ. ಹೊಟ್ಟಿಗೂ ಒಂದು ಇತಿಹಾಸವಿದೆ. ಅದನ್ನು ಬಲ್ಲವರಿಗೆ ಮಾತ್ರವೇ ಇಂದಿನ ಮರಗೆಲಸದ ಅಂಗಡಿಯಲ್ಲಿ ಹತ್ತರಿ ಯಂತ್ರದ ಬೆನ್ನಿಗೆ ತಗುಲಿಸಿದ, ಅಥವಾ ತಗುಲಿಸದೆ ಬಿಟ್ಟ, ಒಂದು ಕೊಳವೆಯ ಮಹತ್ವವು ಪೂರ್ಣವಾಗಿ ವಿಶದವಾಗುತ್ತದೆ.

ಚಿತ್ರದುರ್ಗದ ನಾಯಕರಲ್ಲಿ ಒಬ್ಬನಾದ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಭರಮಸಾಗರವು ಇಂದು ಬೆಂಗಳೂರು ಪುಣೆಗಳ ನಡುವಣ ಹೆದ್ದಾರಿಯ ಮೇಲಿರುವ ಊರು. ಇಂತಹ ಊರುಗಳಲ್ಲಿ ಬಡಗಿಯ ವೃತ್ತಿಯು ಒಂದೆರಡು ತಲೆಮಾರುಗಳ ಅವಧಿಯಲ್ಲಿ ಬಹಳವಾಗಿ ಮಾರ್ಪಟ್ಟಿದೆ. ಜಾಲಿಯ ಮರದಲ್ಲಿ ನೇಗಿಲು, ಕುಂಟೆ, ಗಾಡಿಯ ಚಕ್ರಗಳನ್ನು ಮಾಡುತ್ತಿದ್ದ ಕೆಲಸವು ಕಿಟಕಿ, ಬಾಗಿಲು, ಮಂಚ, ಬೀರುಗಳ ಕೆಲಸವಾಗಿ ಪರಿವರ್ತನೆ ಹೊಂದಿದೆ. ಬಾಚಿ, ಉಳಿ, ಹತ್ತರಿಗಳ ಸ್ಥಾನಕ್ಕೆ ವಿದ್ಯುತ್ತಿನಿಂದ ಓಡುವ ಯಂತ್ರಗಳು ಬಂದಿವೆ. ಈ ಬದಲಾವಣೆಯಿಂದ ಕೆಲಸದ ವೇಗವು ಹೆಚ್ಚಿತೆಂಬುದು ಸರ್ವವಿದಿತ. ಹೊಟ್ಟಿನ ಸ್ವರೂಪವೇ ಬದಲಾಯಿತೆಂಬುದು ಅಷ್ಟು ವಿದಿತವಲ್ಲ. ಪ್ರಸ್ತುತ ಲೇಖನವು ಈ ಎರಡನೆಯ ಸಂಗತಿಯನ್ನು ಕುರಿತದ್ದು. ಮೊದಲು ಕೈಹತ್ತರಿಯ ಹೊಟ್ಟು, ಬಳಿಕ ಯಂತ್ರದ ಹೊಟ್ಟು, ಅನಂತರ ಅದನ್ನು ಸೆಳೆದೊಯ್ಯುವ ಕೊಳವೆಯ ತತ್ತ್ವ ಮತ್ತು ವ್ಯವಸ್ಥೆ, ಕೊನೆಗೆ ಆರೋಗ್ಯ ಮತ್ತು ಶಾಸನ ಎಂಬ ಕ್ರಮದಲ್ಲಿ ವಿಷಯವನ್ನು ವಿವೇಚಿಸಲಾಗಿದೆ.

೨

ಕೀಸುಳಿ, ತೋಪಡ, ಉಜ್ಜುಗೊರಡು, ಹತ್ತರಿ, ರಂದ ಎಂದು ನಾನಾ ಕಡೆ ನಾನಾ ಹೆಸರಿನಿಂದ ಕರೆಯಲ್ಪಡುವ ಉಪಕರಣದ ತತ್ತ್ವವು ಸರಳವಾದದ್ದು. ಸಮತಟ್ಟಾದ ತಳವುಳ್ಳ ಒಂದು ಮರದ ಅಥವಾ ಲೋಹದ ದಿಮ್ಮಿ. ಅದರ ನಡುವೆ ಓರೆಯಾಗಿ ನಾಟಿದ ಒಂದು ಅಲಗು. ಅಲಗಿನ ಅಂಚು ತಳದಿಂದ ಕೂದಲೆಳೆಯಷ್ಟು ಹೊರಚಾಚಿರುತ್ತದೆ. ಬಡಗಿಯು ಇದನ್ನು ಮರದ ಎಳೆಯ ದಿಕ್ಕಿನಲ್ಲಿ ತಳ್ಳಿದಾಗ ತೆಳುವಾದ, ಉದ್ದವಾದ ಸುರುಳಿಯೊಂದು ಮೇಲೆದ್ದು ಪಕ್ಕಕ್ಕೆ ಬೀಳುತ್ತದೆ. ಅಲಗಿನ ವೇಗವು ತೋಳಿನ ವೇಗವೇ ಆದುದರಿಂದ ಸುರುಳಿಯು ಹಾರುವುದಿಲ್ಲ, ಕಾಲ ಬಳಿಯೇ ಬೀಳುತ್ತದೆ. ಸಂಜೆ ಅದನ್ನು ಗುಡಿಸಿ ಒಲೆಗೆ ಹಾಕಿದರೆ ಆಯಿತು. ಗರಗಸದ ಪುಡಿಯನ್ನು ಗಟ್ಟಿಯಾಗಿ ತುಂಬಿ ಉರಿಸುವ ಹೊಟ್ಟಿನ ಒಲೆಯೂ ನಮ್ಮಲ್ಲಿ ಬಳಕೆಯಲ್ಲಿದ್ದುದೇ. ಹೀಗೆ ಸಾಮಾನ್ಯ ಮರದ ಹೊಟ್ಟಿಗೂ ಅಷ್ಟಿಷ್ಟು ಬೆಲೆ ಇದ್ದಿತು.

ಹೊಟ್ಟಿನ ಬೆಲೆಯು ಪರಾಕಾಷ್ಠೆಯನ್ನು ಮುಟ್ಟಿದ ಉದಾಹರಣೆಯು ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧವು ರಾಜಸ್ವಾಮ್ಯದ ಮರವಾಗಿದ್ದು, ಅದನ್ನು ಅರಣ್ಯ ಇಲಾಖೆಯ ಗಂಧದ ಕೋಠಿಗಳಲ್ಲಿ ಶುದ್ಧಿಗೊಳಿಸಿ, ವಿಂಗಡಿಸಿ ಹರಾಜು ಮಾಡುತ್ತಿದ್ದರು. ಈ ವಿಂಗಡಣೆಯಲ್ಲಿ ಹದಿನೆಂಟು ದರ್ಜೆಗಳಿದ್ದವು. ವಿಲಾಯತಿ ಬುಡ, ಚೀನಾ ಬುಡ ಎಂಬ ಉತ್ತಮ ದಿಮ್ಮಿಗಳಿಂದ ಆರಂಭವಾಗುವ ಈ ಪಟ್ಟಿಯು ಕೆಳಗಿಳಿಯುತ್ತ ಹೋಗಿ ಚಿಕ್ಕ ಚಕ್ಕೆಗಳನ್ನು ಮುಟ್ಟುತ್ತದೆ. ಆ ಕೆಳಗಿನ ದರ್ಜೆಗಳಲ್ಲಿ ಒಂದರ ಹೆಸರು 'ಹತ್ತರಿ ಚಿಲ್ತಾ'. ಗಂಧದ ದಿಮ್ಮಿಗೆ ಹತ್ತರಿ ಹೊಡೆದಾಗ ದೊರೆಯುವ ಕೆಚ್ಚಿನ ಸಣ್ಣ ಚಕ್ಕೆಗಳೇ ಈ ಹತ್ತರಿ ಚಿಲ್ತಾ. ಅದಕ್ಕೂ ಕೆಳಗೆ 'ಬಸೋಲಾ ಬುಕಣಿ' ಎಂಬ ಪುಡಿಚಕ್ಕೆ. ಎಲ್ಲಕ್ಕೂ ಕೊನೆಯಲ್ಲಿ ಗರಗಸದ ಪುಡಿ. ಉಪಕರಣದ ಹೆಸರೇ ಸರಕಿನ ಹೆಸರಾದುದು ಇಲ್ಲಿಯ ವಿಶೇಷ. ೧೯೧೪ರಲ್ಲಿ ಪ್ರಥಮ ಮಹಾಯುದ್ಧವು ಆರಂಭವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ರಫ್ತು ನಿಂತುಹೋದಾಗ, ಸಂಸ್ಥಾನವು ೧೯೧೬ರಲ್ಲಿ ತನ್ನದೇ ಆದ ಗಂಧದೆಣ್ಣೆಯ ತಯಾರಿಕೆಗೆ ಕೈಹಾಕಿತು. ಎಣ್ಣೆಯನ್ನು ಭಟ್ಟಿ ಇಳಿಸಬೇಕಾದರೆ ದಿಮ್ಮಿಯನ್ನು ಪುಡಿ ಮಾಡಲೇಬೇಕಷ್ಟೆ. ಆದುದರಿಂದ ಗಂಧದ ವಿಷಯದಲ್ಲಿ ಪುಡಿಯು ಎಂದಿಗೂ ಕಸವಾಗಲಿಲ್ಲ.

ಇದರಿಂದ ಒಂದು ಪ್ರಾಥಮಿಕ ನಿರ್ಣಯಕ್ಕೆ ಬರಬಹುದು. ಬೆಲೆಯುಳ್ಳ ಹೊಟ್ಟನ್ನು ಜನ ತಾವಾಗಿಯೇ ಸಂಗ್ರಹಿಸುತ್ತಾರೆ. ಆದರೆ ಈ ನಿರ್ಣಯಕ್ಕೆ ಒಂದು ಮಿತಿಯುಂಟು. ಗುಡಿಸಿ ತುಂಬಬಹುದಾದ, ಅಂದರೆ ನೆಲಕ್ಕೆ ಬೀಳುವ, ಭಾಗಕ್ಕೆ ಮಾತ್ರ ಬೆಲೆ ಬರುತ್ತದೆ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಕ್ಕೆ ಯಾವ ಮಾರುಕಟ್ಟೆಯೂ ಇಲ್ಲ. ಕೈಹತ್ತರಿಯ ಕಾಲದಲ್ಲಿ ಈ ತೇಲುವ ಭಾಗವು ಅತ್ಯಲ್ಪವಾಗಿದ್ದುದರಿಂದ ಈ ಭೇದವು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಯಂತ್ರವು ಬಂದ ಮೇಲೆ ಲೆಕ್ಕಕ್ಕೆ ಬಂದಿತು.

೩

ಹತ್ತರಿ ಹೊಡೆಯುವ ಶ್ರಮವನ್ನು ಯಂತ್ರಕ್ಕೆ ವಹಿಸಬೇಕೆಂಬ ಪ್ರಯತ್ನವು ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾಣಿಸಿಕೊಂಡಿತು. ಸ್ಯಾಮ್ಯುಅಲ್ ಬೆಂಥಮ್ ೧೭೯೧ ಮತ್ತು ೧೭೯೩ರಲ್ಲಿ ಮರಗೆಲಸದ ಯಂತ್ರಗಳಿಗೆ ಹಕ್ಕುಪತ್ರಗಳನ್ನು ಪಡೆದನು. ಜೋಸೆಫ್ ಬ್ರಾಮಾ ೧೮೦೨ರಲ್ಲಿ ಮರವನ್ನು ನಯಗೊಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ ೧೮೨೮ರಲ್ಲಿ ಪಡೆದ ಹಕ್ಕುಪತ್ರವು ಇವೆಲ್ಲಕ್ಕಿಂತ ಹೆಚ್ಚು ಪರಿಣಾಮಕಾರಿಯಾಯಿತು. ತಿರುಗುವ ಉರುಳೆಗೆ ಅಲಗುಗಳನ್ನು ಬಿಗಿದು, ಹಲಗೆಯನ್ನು ಬೇರೆ ಉರುಳೆಗಳ ಮೂಲಕ ಅದರ ಕೆಳಗೆ ನೂಕುವ ಕ್ರಮವು ಅವನದು. ಇಂದಿನ ಎಲ್ಲ ಹತ್ತರಿ ಯಂತ್ರಗಳ ಮೂಲವಿನ್ಯಾಸವೂ ಇದೇ. ೧೮೫೬ರವರೆಗೆ ವಿಸ್ತರಿಸಲ್ಪಟ್ಟ ಆ ಹಕ್ಕುಪತ್ರವು ಅನೇಕ ವ್ಯಾಜ್ಯಗಳಿಗೆ ಕಾರಣವಾದುದು ಅದರ ಆರ್ಥಿಕ ಮಹತ್ವಕ್ಕೆ ಸಾಕ್ಷಿ.

ತಿರುಗುವ ಅಲಗು ಮತ್ತು ತಳ್ಳುವ ಅಲಗುಗಳ ನಡುವಣ ಭೇದವನ್ನು ಇಲ್ಲಿ ಚೆನ್ನಾಗಿ ಗ್ರಹಿಸಬೇಕು. ಮೇಜಿನ ಮೇಲಿಡುವ ಇಂದಿನ ಒಂದು ಯಂತ್ರದಲ್ಲಿ ಎರಡು ಅಲಗುಗಳ ಉರುಳೆಯು ನಿಮಿಷಕ್ಕೆ ೯,೦೦೦ ಸುತ್ತು ತಿರುಗುತ್ತದೆಂದೂ, ಹಲಗೆಯು ನಿಮಿಷಕ್ಕೆ ೮ ಮೀಟರು ಮುಂದೆ ಸಾಗುತ್ತದೆಂದೂ ಇಟ್ಟುಕೊಳ್ಳೋಣ. ಆಗ ನಿಮಿಷಕ್ಕೆ ೧೮,೦೦೦ ಕಡಿತಗಳಾಗುತ್ತವೆ. ಒಂದೊಂದು ಕಡಿತಕ್ಕೂ ಹಲಗೆಯು ಅರ್ಧ ಮಿಲಿಮೀಟರಿಗಿಂತ ಕಡಿಮೆ ಚಲಿಸಿರುತ್ತದೆ. ಆದುದರಿಂದ ಉದ್ದನೆಯ ಸುರುಳಿ ಏಳಲು ಅವಕಾಶವೇ ಇಲ್ಲ. ಸಣ್ಣ ಸಣ್ಣ ಚಕ್ಕೆಗಳು ಸಿಡಿಯುತ್ತವೆ. ಅವುಗಳ ಜೊತೆಯಲ್ಲಿ ಮುರಿದ ಎಳೆಗಳ ಸೂಕ್ಷ್ಮ ಪುಡಿಯೂ ಏಳುತ್ತದೆ. ಉರುಳೆಯು ತಿರುಗುವ ರಭಸಕ್ಕೆ ಸುತ್ತಲ ಗಾಳಿಯು ಕಲಕಿ, ಆ ಪುಡಿಯನ್ನು ಕೊಠಡಿಯ ತುಂಬ ಹರಡುತ್ತದೆ.

ಇದರ ಪರಿಹಾರಕ್ಕೆ ಬೇಕಾದ ಸಾಧನಗಳೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಿದ್ಧವಾದವು. ೧೮೬೦ರ ದಶಕದಲ್ಲಿ ಬಾಸ್ಟನ್ ನಗರದ ಬೆಂಜಮಿನ್ ಸ್ಟರ್ಟೆವಂಟ್ ಎಂಬವನು ಪಾದರಕ್ಷೆಯ ಉದ್ಯಮದ ಯಂತ್ರಗಳಿಂದ ಏಳುತ್ತಿದ್ದ ಧೂಳನ್ನು ಸೆಳೆಯಲು ತಿರುಗುವ ಬೀಸಣಿಗೆಯನ್ನು ರೂಪಿಸಿ, ಅಂತಹ ಬೀಸಣಿಗೆಗಳ ದೊಡ್ಡ ಉದ್ಯಮವನ್ನೇ ಕಟ್ಟಿದನು. ೧೮೮೫ರಲ್ಲಿ ಅಮೆರಿಕದ ಜಾನ್ ಫಿಂಚ್ ಎಂಬವನು ಸುಳಿಗಾಳಿಯ ತತ್ತ್ವದಿಂದ ಧೂಳನ್ನು ಬೇರ್ಪಡಿಸುವ, ಇಂದು ಸೈಕ್ಲೋನ್ ಎಂದು ಪ್ರಸಿದ್ಧವಾದ, ಸಾಧನಕ್ಕೆ ಹಕ್ಕುಪತ್ರವನ್ನು ಪಡೆದನು. ಶಂಕುವಿನಾಕಾರದ ಡಬ್ಬಿಯಲ್ಲಿ ಗಾಳಿಯು ಸುತ್ತಿ ಇಳಿಯುವಾಗ ಭಾರವಾದ ಕಣಗಳು ಗೋಡೆಗೆ ಸರಿದು ಕೆಳಗೆ ಬೀಳುತ್ತವೆ. ಹಗುರವಾದ ಗಾಳಿಯು ನಡುವಿನಿಂದ ಮೇಲೇರಿ ಹೊರಟುಹೋಗುತ್ತದೆ.

ದೊಡ್ಡ ಮರದ ಕಾರ್ಖಾನೆಗಳು ಈ ಸಾಧನಗಳನ್ನು ಬೇಗನೆ ಸ್ವೀಕರಿಸಿದವು. ಯಂತ್ರವು ಹೊಟ್ಟಿನಲ್ಲಿ ಹೂತುಹೋಗಬಾರದು, ಬೆಂಕಿ ಬೀಳಬಾರದು, ಉಗಿಯಂತ್ರದ ಕೊಪ್ಪರಿಗೆಗೆ ಪುಕ್ಕಟೆ ಉರುವಲು ದೊರೆಯಬೇಕು ಎಂಬ ಉದ್ದೇಶಗಳು ಅವುಗಳ ಹಿಂದೆ ಪ್ರಬಲವಾಗಿದ್ದವು. ಕೆಲಸಗಾರನ ಆರೋಗ್ಯವು ಈ ಲೆಕ್ಕದಲ್ಲಿ ಪ್ರಧಾನ ಅಂಶವಾಗಿರಲಿಲ್ಲ. ಹೀಗೆ ಪಶ್ಚಿಮದ ಕಾರ್ಖಾನೆಯೂ ನಮ್ಮ ಗಂಧದ ಕೋಠಿಯೂ ಒಂದು ಮಾತಿನಲ್ಲಿ ಸಮಾನವಾಗಿವೆ. ಎರಡೂ ಕಡೆ ಹೊಟ್ಟಿನ ಸಂಗ್ರಹಕ್ಕೆ ಪ್ರೇರಣೆಯಾದುದು ಲಾಭವೇ.

೪

ಕಾರ್ಖಾನೆಯ ಈ ಮಹಾಯಂತ್ರವು ಕಿರಿದಾಗಿ ಒಬ್ಬಿಬ್ಬರು ಎತ್ತಿ ಮೇಜಿನ ಮೇಲಿಡಬಹುದಾದ ರೂಪವನ್ನು ತಾಳಿದ್ದು ೧೯೮೦ರ ದಶಕದಲ್ಲಿ. ಹತ್ತು ಹನ್ನೆರಡು ಅಂಗುಲ ಅಗಲದ ಹಲಗೆಯನ್ನು ನಯಗೊಳಿಸಬಲ್ಲ ಈ ಯಂತ್ರವು ಸಣ್ಣ ಅಂಗಡಿಯ ಬಡಗಿಗೂ ಕೈಗೆಟುಕಿತು. ಆದರೆ ಕಾರ್ಖಾನೆಯಲ್ಲಿ ಯಂತ್ರದ ಜೊತೆಗೇ ಇದ್ದ ಕೊಳವೆ, ಬೀಸಣಿಗೆ, ಸೈಕ್ಲೋನುಗಳು ಅದರೊಡನೆ ಬರಲಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕು, ಪ್ರತ್ಯೇಕವಾಗಿ ಜೋಡಿಸಬೇಕು. ಸಣ್ಣ ಅಂಗಡಿಯ ಹೊಟ್ಟಿನ ಸಮಸ್ಯೆಯ ಮೂಲವು ಈ ಅಗಲಿಕೆಯಲ್ಲಿದೆ.

ಯಂತ್ರವು ಉತ್ಪಾದಿಸುವ ಹೊಟ್ಟಿನ ಪ್ರಮಾಣವನ್ನು ಲೆಕ್ಕ ಮಾಡಿ ನೋಡಿದರೆ ಸಮಸ್ಯೆಯ ಗಾತ್ರವು ಸ್ಪಷ್ಟವಾಗುತ್ತದೆ. ೩೦೦ ಮಿಲಿಮೀಟರು ಅಗಲದ ಹಲಗೆಯಿಂದ ಒಂದು ಮಿಲಿಮೀಟರು ದಪ್ಪವನ್ನು ತೆಗೆಯುತ್ತ, ನಿಮಿಷಕ್ಕೆ ೮ ಮೀಟರು ವೇಗದಲ್ಲಿ ಸಾಗಿದರೆ, ನಿಮಿಷಕ್ಕೆ ೨.೪ ಲೀಟರಿನಷ್ಟು ಗಟ್ಟಿ ಮರವು ಹೊಟ್ಟಾಗುತ್ತದೆ. ಗಟ್ಟಿ ಮರವು ಸಡಿಲ ಹೊಟ್ಟಾದಾಗ ಅದರ ಗಾತ್ರವು ಹಲವು ಪಟ್ಟು, ಹತ್ತು ಪಟ್ಟಿನವರೆಗೂ, ಹಿಗ್ಗುತ್ತದೆ. ಅಂದರೆ ನಿಮಿಷಕ್ಕೊಂದು ಕೊಡಪಾನ ಹೊಟ್ಟು! ಅರ್ಧ ಗಂಟೆಯ ಕೆಲಸದಲ್ಲಿ ಅಂಗಡಿಯ ನೆಲವು ಮುಚ್ಚಿಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಈ ಹೊಟ್ಟನ್ನು ಯಂತ್ರದ ಬಾಯಿಂದ ಕೂಡಲೇ ತೆಗೆಯದಿದ್ದರೆ ಮೂರು ವಿಧದ ಹಾನಿಯುಂಟು. ಮೊದಲನೆಯದು ಕೆಲಸಕ್ಕೆ: ಉಳಿದ ಚಕ್ಕೆಗಳನ್ನು ಹೊರದೂಡುವ ಉರುಳೆಯು ಹಲಗೆಯ ಮೇಲೆಯೇ ಒತ್ತಿಬಿಡುವುದರಿಂದ, ನಯವಾದ ಮೈಮೇಲೆ ಚಿಕ್ಕ ಚಿಕ್ಕ ಕುಳಿಗಳು ಮೂಡುತ್ತವೆ. ಎರಡನೆಯದು ಯಂತ್ರಕ್ಕೆ: ಒಮ್ಮೆ ಕಡಿದ ಚಕ್ಕೆಯನ್ನು ಅಲಗು ಮತ್ತೊಮ್ಮೆ ಕಡಿಯುವುದರಿಂದ ಅದು ಬೇಗನೆ ಮೊಂಡಾಗುತ್ತದೆ, ಮೋಟಾರಿಗೆ ಗಾಳಿಯಾಡದೆ ಕಾವೇರುತ್ತದೆ. ಮೂರನೆಯದು ಮನುಷ್ಯನಿಗೆ: ಜಾರುವ ನೆಲ, ಬೆಂಕಿಯ ಭಯ ಮತ್ತು ಉಸಿರಿನ ಧೂಳು. ಮೊದಲೆರಡು ಹಾನಿಗಳು ಆ ದಿನವೇ ಕಣ್ಣಿಗೆ ಬೀಳುತ್ತವೆ. ಉಸಿರಿಗೆ ಸೇರಿದ ಧೂಳಿನ ಪರಿಣಾಮವು ಕಾಣಿಸಲು ದಶಕಗಳು ಹಿಡಿಯಬಹುದು.

೫

ಹೀರುಗೊಳವೆಯ ತತ್ತ್ವವನ್ನು ಇನ್ನು ಪರಿಶೀಲಿಸೋಣ. ಒಂದು ತುದಿಯಲ್ಲಿ ಬ್ಲೋವರ್ ಎಂದು ಕರೆಯಲ್ಪಡುವ ಬೀಸಣಿಗೆಯು ಗಾಳಿಯನ್ನು ಸೆಳೆಯುತ್ತದೆ; ಇನ್ನೊಂದು ತುದಿಯು ಯಂತ್ರದ ಹೊಟ್ಟಿನ ಬಾಯಿಗೆ ಸೇರಿರುತ್ತದೆ. ಹರಿಯುವ ಗಾಳಿಯೇ ಹೊಟ್ಟನ್ನು ಹೊತ್ತೊಯ್ಯುವ ವಾಹನ. ಹೊಳೆಯ ನೀರು ರಭಸವಾಗಿದ್ದಾಗ ಕಲ್ಲನ್ನೂ ಉರುಳಿಸಿ, ನಿಧಾನವಾದಾಗ ಮರಳನ್ನು ಸಹ ಕೆಳಗಿಳಿಸುವಂತೆ, ಗಾಳಿಯ ವೇಗವು ಒಂದು ಮಿತಿಗಿಂತ ತಗ್ಗಿದರೆ ಹೊಟ್ಟು ಕೊಳವೆಯಲ್ಲಿಯೇ ನಿಂತುಬಿಡುತ್ತದೆ. ಒಣ ಮರದ ಹೊಟ್ಟಿಗೆ ಈ ವೇಗವು ಸೆಕೆಂಡಿಗೆ ಸುಮಾರು ೨೦ ಮೀಟರು ಇರಬೇಕೆಂಬುದು ಗಾಳಿಸಂಚಾರ ಶಾಸ್ತ್ರಜ್ಞರ ಸಾಮಾನ್ಯ ನಿಯಮ. ಹಸಿ ಮರದ ಭಾರವಾದ ಹೊಟ್ಟಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು.

ವೇಗವನ್ನು ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಸಾಗುವ ಗಾಳಿಯ ಪ್ರಮಾಣವು ದೊರೆಯುತ್ತದೆ. ನಾಲ್ಕು ಅಂಗುಲದ, ಅಂದರೆ ೧೦೦ ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ೨೦ ಮೀಟರು ವೇಗವಿದ್ದರೆ ಗಂಟೆಗೆ ಸುಮಾರು ೫೬೫ ಘನ ಮೀಟರು ಗಾಳಿಯು ಸಾಗುತ್ತದೆ. ಎರಡೂವರೆ ಅಂಗುಲದ, ಅಂದರೆ ಸುಮಾರು ೬೩ ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ಅದೇ ವೇಗಕ್ಕೆ ಕೇವಲ ೨೨೪ ಘನ ಮೀಟರು ಸಾಗುತ್ತದೆ. ಕಿರಿದಾದ ಕೊಳವೆಯಲ್ಲಿಯೂ ೫೬೫ ಘನ ಮೀಟರನ್ನೇ ಸಾಗಿಸಬೇಕೆಂದು ಹಟ ಹಿಡಿದರೆ, ಎದುರಿಸಬೇಕಾದ ಘರ್ಷಣೆಯು ಎರಡೂವರೆ ಪಟ್ಟಲ್ಲ, ಸುಮಾರು ಹತ್ತು ಪಟ್ಟಾಗುತ್ತದೆ. ಏಕೆಂದರೆ ಒಂದೇ ಪ್ರಮಾಣದ ಗಾಳಿಗೆ ಘರ್ಷಣೆಯು ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಯಂತ್ರದ ಬಾಯಿ ಕಿರಿದಾಗಿದ್ದರೆ ಬಾಯಿಯ ಬಳಿಯಲ್ಲಿಯೇ ಹಿರಿದಾದ ಕೊಳವೆಗೆ ಮಾರ್ಪಡಿಸಿಕೊಳ್ಳಬೇಕು, ಉದ್ದಕ್ಕೂ ಕಿರಿದಾದ ಕೊಳವೆಯನ್ನು ಎಳೆಯಬಾರದು ಎಂಬ ಅನುಭವಿಗಳ ಸಲಹೆಗೆ ಇದೇ ಆಧಾರ. ಆದರೆ ಬೀಸಣಿಗೆಯು ದುರ್ಬಲವಾಗಿದ್ದಲ್ಲಿ ಅತಿ ಹಿರಿದಾದ ಕೊಳವೆಯೂ ನಿಷ್ಪ್ರಯೋಜಕ. ಗಾಳಿಯ ವೇಗವು ತಗ್ಗಿ ಹೊಟ್ಟು ತಳದಲ್ಲಿ ಕೂರುತ್ತದೆ. ಕೊಳವೆಯೂ ಬೀಸಣಿಗೆಯೂ ಪರಸ್ಪರ ಹೊಂದಿಕೆಯಾಗಿರಬೇಕು.

ಇನ್ನೊಂದು ಅಂಶವು ಕೊಳವೆಯ ಒಳಮೈಗೆ ಸಂಬಂಧಿಸಿದ್ದು. ಬಳುಕುವ ಕೊಳವೆಯು ತಂತಿಯ ಸುರುಳಿಯ ಮೇಲೆ ಪ್ಲಾಸ್ಟಿಕನ್ನು ಹೊದಿಸಿ ಮಾಡಿದುದಾದುದರಿಂದ ಅದರ ಒಳಮೈ ಏರುತಗ್ಗಾಗಿರುತ್ತದೆ. ಅಷ್ಟೇ ಉದ್ದದ ನಯವಾದ ಕೊಳವೆಗಿಂತ ಅದರಲ್ಲಿ ಘರ್ಷಣೆಯು ಎರಡು ಮೂರು ಪಟ್ಟು ಹೆಚ್ಚು. ಆದಕಾರಣ ಯಂತ್ರದ ಬಳಿ ಅವಶ್ಯವಿದ್ದಷ್ಟು ಮಾತ್ರ ಬಳುಕು ಕೊಳವೆಯನ್ನು ಇಟ್ಟು, ಉಳಿದ ದೂರಕ್ಕೆ ಗಟ್ಟಿಯಾದ ನಯಗೊಳವೆಯನ್ನು ಬಳಸುವುದು ಲೇಸು. ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರವು ಈ ಕೆಲಸಕ್ಕೆ ಏಕೆ ಸಾಲದೆಂಬುದೂ ಇದರಿಂದಲೇ ತಿಳಿಯುತ್ತದೆ. ಅದರ ಸೆಳೆತವು ಬಲವಾದದ್ದಾದರೂ ಸಾಗಿಸುವ ಗಾಳಿಯು ಸ್ವಲ್ಪ; ಜೊತೆಗೆ ಅದರ ಡಬ್ಬಿಯು ಒಂದೆರಡು ನಿಮಿಷಗಳಲ್ಲಿ ತುಂಬಿಬಿಡುತ್ತದೆ.

೬

ತತ್ತ್ವವು ಎಲ್ಲ ಯಂತ್ರಗಳಿಗೂ ಒಂದೇ ಆದರೂ ಮೇಜಿನ ಹತ್ತರಿ ಯಂತ್ರದಲ್ಲಿ ಕೊಳವೆಯನ್ನು ಅಳವಡಿಸುವುದು ಒಂದು ವಿಶೇಷ ತೊಡಕು. ಇದಕ್ಕೆ ಕಾರಣಗಳು ಎರಡು. ಮೊದಲನೆಯದಾಗಿ, ಇಂತಹ ಅನೇಕ ಯಂತ್ರಗಳಲ್ಲಿ ಹಲಗೆಯನ್ನು ಹೊರುವ ತಳವು ಸ್ಥಿರವಾಗಿದ್ದು, ಅಲಗಿನ ಉರುಳೆಯುಳ್ಳ ತಲೆಯು ಮೇಲೆ ಕೆಳಗೆ ಚಲಿಸುತ್ತದೆ. ಹೊಟ್ಟಿನ ಬಾಯಿ ತಲೆಗೇ ಸೇರಿರುವುದರಿಂದ ಅದೂ ಚಲಿಸುತ್ತದೆ. ಎರಡನೆಯದಾಗಿ, ಹೊಟ್ಟಿನ ಬಾಯಿಯು ಸಾಮಾನ್ಯವಾಗಿ ಹಲಗೆಯು ಹೊರಬರುವ ದಿಕ್ಕಿನಲ್ಲಿಯೇ ಇರುತ್ತದೆ. ಜೋಲುಬಿದ್ದ ಕೊಳವೆಯು ಹಲಗೆಯ ದಾರಿಗೆ ಅಡ್ಡವಾಗುತ್ತದೆ. ಹಲಗೆಯು ತಡೆದು ನಿಂತರೆ ಅದರ ಮೈಮೇಲೆ ಅಲಗು ಆಳವಾದ ಗೆರೆಯನ್ನು ಕೊರೆಯುತ್ತದೆ. ಕೊಳವೆಯ ಭಾರವೇ ಬಾಯಿಯ ಮುಚ್ಚಳವನ್ನು ಜಗ್ಗಿ ಸಡಿಲಿಸುವುದೂ ಉಂಟು.

ಈ ತೊಡಕುಗಳ ಪರಿಹಾರಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಕೊಳವೆಯನ್ನು ನೆಲದ ಮೇಲೆ ಎಳೆದೊಯ್ಯದೆ ಸೂರಿನ ತೊಲೆಯಿಂದ ಹಗ್ಗದಲ್ಲಿ ತೂಗುಹಾಕುವುದು ಮೊದಲನೆಯ ಕ್ರಮ. ತಲೆಯು ಅತಿ ಕೆಳಗಿಳಿದಾಗ ಬಿಗಿಯಾಗದಂತೆಯೂ, ಅತಿ ಮೇಲೇರಿದಾಗ ಮಡಿಕೆ ಬೀಳದಂತೆಯೂ ಸಡಿಲವನ್ನು ಬಿಡಬೇಕು. ಇದಕ್ಕಾಗಿ ಯಂತ್ರವನ್ನು ನಿಲ್ಲಿಸಿ, ತಲೆಯನ್ನು ಎರಡು ಕೊನೆಗಳಿಗೂ ಒಯ್ದು ಅಳೆದು ನೋಡುವುದು ಅವಶ್ಯಕ. ತೂಗುವ ಹಗ್ಗದ ಬದಲು ಎಳೆಯಬಲ್ಲ ರಬ್ಬರು ಪಟ್ಟಿಯನ್ನು ಬಳಸಿದರೆ ತಲೆಯ ಚಲನೆಗೆ ಅನುಗುಣವಾಗಿ ಕೊಳವೆಯೂ ಏರಿಳಿಯುತ್ತದೆ. ಬಾಯಿಯಿಂದ ಹೊರಟ ಕೊಳವೆಯನ್ನು ಕೂಡಲೇ ಪಕ್ಕಕ್ಕೆ ತಿರುಗಿಸಿ ಹಲಗೆಯ ದಾರಿಯನ್ನು ತೆರವು ಮಾಡಬೇಕು. ಆದರೆ ಆ ತಿರುವು ಮೊಣಕೈಯಂತೆ ಚೂಪಾಗಿರದೆ ಬಿಲ್ಲಿನಂತೆ ನಿಡಿದಾಗಿರಬೇಕು. ಚೂಪಾದ ತಿರುವಿನಲ್ಲಿ ಗಾಳಿಯ ಶಕ್ತಿಯು ನಷ್ಟವಾಗುವುದಲ್ಲದೆ, ಉದ್ದನೆಯ ಎಳೆಗಳು ಸಿಕ್ಕಿಕೊಂಡು ಗಂಟಾಗುವುದೂ ಅಲ್ಲಿಯೇ. ಬಾಯಿಯಲ್ಲಿ ತಿರುಗಬಲ್ಲ ಜೋಡಣೆಯಿದ್ದರೆ ಕೊಳವೆಯು ಮುರುಚಿಕೊಳ್ಳುವುದು ತಪ್ಪುತ್ತದೆ. ಜೋಡಣೆಯನ್ನು ತಿರುಪಿನ ಪಟ್ಟಿಯಿಂದ ಬಿಗಿಯಬೇಕು. ಸುತ್ತಿದ ಬಟ್ಟೆಯಾಗಲಿ ಅಂಟುಪಟ್ಟಿಯಾಗಲಿ ಯಂತ್ರದ ಅದುರಿಗೆ ಬಹುಕಾಲ ನಿಲ್ಲವು.

ಹೊಟ್ಟು ತುಂಬುವ ಚೀಲಕ್ಕೂ ಯಂತ್ರಕ್ಕೂ ನಡುವೆ ಮುಚ್ಚಳವುಳ್ಳ ಒಂದು ಪೀಪಾಯಿಯನ್ನಿಟ್ಟು, ಸೈಕ್ಲೋನಿನ ತತ್ತ್ವದಿಂದ ದಪ್ಪ ಚಕ್ಕೆಗಳನ್ನು ಅದರಲ್ಲಿಯೇ ಬೀಳಿಸಿಕೊಂಡರೆ, ಸೋಸುವ ಬಟ್ಟೆಯು ಬೇಗ ಮುಚ್ಚಿಹೋಗುವುದಿಲ್ಲ. ಆದರೆ ಸಡಿಲ ನೇಯ್ಗೆಯ ಚೀಲದ ವಿಷಯದಲ್ಲಿ ಎಚ್ಚರ ಬೇಕು. ಅದು ಕಣ್ಣಿಗೆ ಕಾಣುವ ಹೊಟ್ಟನ್ನು ಹಿಡಿದಿಟ್ಟುಕೊಂಡು, ಕಾಣದ ಧೂಳನ್ನು ಅಂಗಡಿಯೊಳಕ್ಕೇ ಮರಳಿ ಊದುತ್ತದೆ. ನೆಲವು ಚೊಕ್ಕಟವಾಗಿ, ಗಾಳಿಯು ಮಾತ್ರ ಮೊದಲಿಗಿಂತ ಕೆಟ್ಟಿರುವ ಸ್ಥಿತಿಯು ಇದರಿಂದ ಒದಗಬಹುದು. ಒತ್ತು ನೇಯ್ಗೆಯ ಸೋಸುವ ಸಾಧನವನ್ನು ಬಳಸುವುದು, ಇಲ್ಲವೆ ನೆರೆಹೊರೆಗೆ ಬಾಧೆಯಾಗದಂತೆ ಗಾಳಿಯನ್ನು ಹೊರಕ್ಕೆ ಬಿಡುವುದು ಯುಕ್ತ. ಒಣಹವೆಯ ನಾಡಿನಲ್ಲಿ ಪ್ಲಾಸ್ಟಿಕ್ ಕೊಳವೆಯ ಮೇಲೆ ಸ್ಥಾಯೀ ವಿದ್ಯುತ್ತು ಶೇಖರವಾಗಿ ಮುಟ್ಟಿದವರಿಗೆ ಚುರುಕು ಮುಟ್ಟಿಸುವುದುಂಟು. ಕೊಳವೆಯ ಸುರುಳಿತಂತಿಯನ್ನು ಭೂಮಿಸಂಪರ್ಕವುಳ್ಳ ಲೋಹಕ್ಕೆ ಸೇರಿಸಿದರೆ ಇದು ನಿವಾರಣೆಯಾಗುತ್ತದೆ. ಬ್ಲೋವರನ್ನು ಯಂತ್ರಕ್ಕಿಂತ ಮೊದಲು ಆರಂಭಿಸಿ, ಯಂತ್ರವು ನಿಂತ ಮೇಲೆ ಕೆಲವು ಕ್ಷಣ ಬಿಟ್ಟು ನಿಲ್ಲಿಸಬೇಕು. ಕೊಳವೆಯು ಕಟ್ಟಿಕೊಂಡರೆ ವಿದ್ಯುತ್ತಿನ ಸಂಪರ್ಕವನ್ನು ತೆಗೆದ ಹೊರತು ಬಾಯಿಯೊಳಗೆ ಕೈಹಾಕಕೂಡದು.

೭

ಇಷ್ಟೆಲ್ಲ ಪರಿಶ್ರಮವೇಕೆಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಇತಿಹಾಸವು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಹೈ ವಿಕಮ್ ಪಟ್ಟಣವು ಕುರ್ಚಿಗಳ ತಯಾರಿಕೆಗೆ ಹೆಸರಾದದ್ದು. ಅಲ್ಲಿ ಕಿವಿ, ಮೂಗು, ಗಂಟಲುಗಳ ಶಸ್ತ್ರವೈದ್ಯೆಯಾಗಿದ್ದ ಎಸ್ಮಿ ಹ್ಯಾಡ್‌ಫೀಲ್ಡ್ ತನ್ನ ಬಳಿಗೆ ಬರುವ ಮರಗೆಲಸಗಾರರಲ್ಲಿ ಮೂಗಿನ ಒಳಗಣ ಒಂದು ವಿರಳವಾದ ಕ್ಯಾನ್ಸರ್ ಪದೇ ಪದೇ ಕಾಣಿಸಿಕೊಳ್ಳುವುದನ್ನು ಗಮನಿಸಿದಳು. ಆಕೆಯೂ ಅಚೆಸನ್, ಕೌಡೆಲ್, ಮ್ಯಾಕ್‌ಬೆತ್ ಎಂಬ ಸಹೋದ್ಯೋಗಿಗಳೂ ಕೂಡಿ ೧೯೬೮ರಲ್ಲಿ ಪ್ರಕಟಿಸಿದ ಅಧ್ಯಯನವು ಪೀಠೋಪಕರಣದ ಉದ್ಯಮದ ಕೆಲಸಗಾರರಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿತು. ೧೯೯೫ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ವುಡ್‌ವರ್ತನ ಯಂತ್ರದಿಂದ ಇಲ್ಲಿಗೆ ನೂರ ಅರವತ್ತೇಳು ವರ್ಷಗಳು ಸಂದಿದ್ದವು.

ಕ್ಯಾನ್ಸರ್ ವಿರಳವಾದದ್ದು, ಉಬ್ಬಸ, ನೆಗಡಿ, ಚರ್ಮದ ತುರಿಗಳು ವಿರಳವಲ್ಲ. ನಮ್ಮಲ್ಲಿ ಬೆಲೆಬಾಳುವ ಬೀಟೆ ಮತ್ತು ತೇಗಗಳೆರಡರಲ್ಲಿಯೂ ಚರ್ಮವನ್ನು ಕೆರಳಿಸುವ ಸ್ವಾಭಾವಿಕ ರಾಸಾಯನಿಕಗಳಿವೆ. ಹತ್ತರಿ ಯಂತ್ರವು ಮರಳುಕಾಗದದ ಯಂತ್ರದಷ್ಟು ಸೂಕ್ಷ್ಮ ಧೂಳನ್ನು ಎಬ್ಬಿಸುವುದಿಲ್ಲವೆಂಬುದು ನಿಜ. ಅದರ ಹೊಟ್ಟಿನಲ್ಲಿ ಬಹುಭಾಗವು ಚಕ್ಕೆಯೇ. ಆದರೆ ಸುರಕ್ಷತೆಯ ಮಿತಿಯು ಎಷ್ಟು ಕಿರಿದೆಂಬುದನ್ನು ಗಮನಿಸಬೇಕು. ಐರೋಪ್ಯ ಒಕ್ಕೂಟದಲ್ಲಿ ೨೦೨೩ರ ಜನವರಿಯಿಂದ ಗಡಸು ಮರದ ಧೂಳಿಗೆ ವಿಧಿಸಿರುವ ಮಿತಿಯು ಘನ ಮೀಟರು ಗಾಳಿಗೆ ೨ ಮಿಲಿಗ್ರಾಂ. ಆರು ಮೀಟರು ಉದ್ದ, ಐದು ಮೀಟರು ಅಗಲ, ಮೂರು ಮೀಟರು ಎತ್ತರದ ಒಂದು ಅಂಗಡಿಯಲ್ಲಿ ೯೦ ಘನ ಮೀಟರು ಗಾಳಿಯಿರುತ್ತದೆ. ಅದರಲ್ಲಿ ತೇಲುವ ಧೂಳೆಲ್ಲವೂ ಸೇರಿ ೧೮೦ ಮಿಲಿಗ್ರಾಂ ಆದರೆ ಮಿತಿಯು ಮುಟ್ಟಿತು. ಇದು ಒಂದು ಚಿಟಿಕೆಯಷ್ಟು ಮಾತ್ರ. ನಿಮಿಷಕ್ಕೊಂದು ಕೊಡ ಹೊಟ್ಟನ್ನು ಉಗುಳುವ ಯಂತ್ರದಿಂದ ಒಂದು ಚಿಟಿಕೆ ಧೂಳು ತಪ್ಪಿಸಿಕೊಳ್ಳುವುದು ಎಷ್ಟರ ಮಾತು? ಮೂಗಿಗೆ ಕಟ್ಟಿದ ವಸ್ತ್ರವು ಚಕ್ಕೆಯನ್ನು ತಡೆದೀತೇ ಹೊರತು ಈ ಸೂಕ್ಷ್ಮ ಕಣವನ್ನು ತಡೆಯಲಾರದು. ಅದಕ್ಕಾಗಿಯೇ ರಚಿಸಿದ ಮುಖಗವಸು ಬೇಕು.

ನಮ್ಮ ಶಾಸನವು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ೧೯೪೮ರ ಕಾರ್ಖಾನೆಗಳ ಅಧಿನಿಯಮದ ೧೪ನೆಯ ವಿಧಿಯು ಕೆಲಸಗಾರರಿಗೆ ಹಾನಿಕರವಾದ ಧೂಳನ್ನು ಅದು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿಯೇ ಸೆಳೆದು ತೆಗೆಯಬೇಕೆಂದೂ, ಆ ಸ್ಥಳವನ್ನು ಸಾಧ್ಯವಾದಷ್ಟು ಆವರಿಸಬೇಕೆಂದೂ ವಿಧಿಸಿತ್ತು. ಹೀರುಗೊಳವೆಯ ಸಾರವೆಲ್ಲವೂ ಈ ಒಂದು ವಿಧಿಯಲ್ಲಿ ಅಡಗಿದೆ. ಆದರೆ ವಿದ್ಯುತ್ತಿನ ಬಳಕೆಯಿದ್ದಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಆ ಸ್ಥಳವು ಕಾರ್ಖಾನೆಯೆನಿಸುತ್ತಿತ್ತು. ಅದಕ್ಕಿಂತ ಚಿಕ್ಕ ಸ್ಥಳಗಳಿಗೂ ಅಧಿನಿ­ಯಮವನ್ನು ಅನ್ವಯಿಸುವ ಅಧಿಕಾರವನ್ನು ೮೫ನೆಯ ವಿಧಿಯು ರಾಜ್ಯ ಸರಕಾರಗಳಿಗೆ ಕೊಟ್ಟಿದ್ದರೂ, ಅದು ಸರಕಾರದ ಇಚ್ಛೆಗೆ ಬಿಟ್ಟ ಮಾತಾಗಿತ್ತು. ೨೦೨೦ರಲ್ಲಿ ಅಂಗೀಕೃತವಾಗಿ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ವಿದ್ಯುತ್ತುಳ್ಳ ಕಾರ್ಖಾನೆಯ ಮಿತಿಯನ್ನು ಇಪ್ಪತ್ತು ಮಂದಿಗೆ ಏರಿಸಿತು. ಮೂರು ನಾಲ್ಕು ಮಂದಿ ದುಡಿಯುವ ಮರಗೆಲಸದ ಅಂಗಡಿಯು ಅಂದೂ ಈ ಎಣಿಕೆಗೆ ನಿಲುಕಲಿಲ್ಲ, ಇಂದೂ ನಿಲುಕುವುದಿಲ್ಲ.

೮

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹವಾಗಿ ಹೇಳಬಹುದು. ಗಂಧದ ಕೋಠಿಯಲ್ಲಿ ಹೊಟ್ಟು ಸಂಗ್ರಹವಾದದ್ದು ಅದಕ್ಕೆ ಬೆಲೆಯಿದ್ದುದರಿಂದ. ಉಗಿಯಂತ್ರದ ಕಾರ್ಖಾನೆಯಲ್ಲಿ ಸಂಗ್ರಹವಾದದ್ದು ಅದು ಉರುವಲಾದುದರಿಂದ. ಇಪ್ಪತ್ತನೆಯ ಶತಮಾನದ ದೊಡ್ಡ ಕಾರ್ಖಾನೆಯಲ್ಲಿ ಇವುಗಳ ಜೊತೆಗೆ ಶಾಸನದ ಒತ್ತಾಯವೂ ಸೇರಿತು. ಸಣ್ಣ ಅಂಗಡಿಯಲ್ಲಿ ಈ ಮೂರೂ ಕಾರಣಗಳು ದುರ್ಬಲವಾಗಿವೆ. ಆದರೆ ಕಾರ್ಖಾನೆಯ ವೇಗದ ಯಂತ್ರವು ಮಾತ್ರ ಅಲ್ಲಿಗೆ ಬಂದಿದೆ. ಬೆಲೆಯಿಲ್ಲದ, ಶಾಸನಕ್ಕೆ ನಿಲುಕದ, ಕಣ್ಣಿಗೆ ಕಾಣದ ಧೂಳಿನ ಭಾರವನ್ನು ಹೊರುತ್ತಿರುವವನು ಬಡಗಿ. ಆತನ ಪಕ್ಕದಲ್ಲಿ ಹಲಗೆಯನ್ನು ಹಿಡಿದು ನಿಲ್ಲುವ ಕಲಿಕೆಯ ಹುಡುಗನೂ ಅಷ್ಟೇ ಹೊರುತ್ತಿದ್ದಾನೆ.

ಈ ಸ್ಥಿತಿಯು ಅನಿವಾರ್ಯವೇನೂ ಅಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಹದಿನೆಂಟು ಕಸುಬುಗಳಲ್ಲಿ ಬಡಗಿಯ ಕಸುಬನ್ನೂ ಸೇರಿಸಿಕೊಂಡು, ತರಬೇತಿಯ ಜೊತೆಗೆ ಉಪಕರಣಗಳಿಗಾಗಿ ೧೫,೦೦೦ ರೂಪಾಯಿಗಳವರೆಗೆ ನೆರವನ್ನೂ ಅಲ್ಪ ಬಡ್ಡಿಯ ಸಾಲವನ್ನೂ ವಿಧಿಸಿದೆ. ಇಂತಹ ತರಬೇತಿಯಲ್ಲಿ ಯಂತ್ರವನ್ನು ಓಡಿಸುವ ಪಾಠದಷ್ಟೇ ಕೊಳವೆಯನ್ನು ಜೋಡಿಸುವ ಪಾಠಕ್ಕೂ ಸ್ಥಾನ ದೊರೆಯಬೇಕು. ಯಂತ್ರಕ್ಕೆ ಸಾಲ ಕೊಡುವವರು ಬ್ಲೋವರು, ಕೊಳವೆ, ಸೋಸುವ ಸಾಧನಗಳನ್ನು ಯಂತ್ರದ ಅಂಗಗಳೆಂದೇ ಪರಿಗಣಿಸಬೇಕು. ೧೮೨೮ರಿಂದ ೧೮೮೫ರವರೆಗಿನ ಅವಧಿಯಲ್ಲಿ ಒಂದೊಂದಾಗಿ ಹುಟ್ಟಿದ ಈ ಸಾಧನಗಳು ದೊಡ್ಡ ಕಾರ್ಖಾನೆಯಲ್ಲಿ ಒಂದುಗೂಡಿದವು. ಸಣ್ಣ ಅಂಗಡಿಯಲ್ಲಿಯೂ ಅವು ಮತ್ತೆ ಒಂದುಗೂಡಬೇಕಾಗಿದೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲೊಂದು ಕರ್ತವ್ಯವುಂಟು. ಪ್ರತಿಯೊಂದು ಹೋಬಳಿಯಲ್ಲಿಯೂ ಕೈಹತ್ತರಿಯಿಂದ ಕೆಲಸ ಕಲಿತು ಯಂತ್ರಕ್ಕೆ ಮಾರ್ಪಟ್ಟ ಹಿರಿಯ ಬಡಗಿಗಳನ್ನು ಹುಡುಕಿದರೆ ಸಿಕ್ಕಾರು. ಅವರ ಅಂಗಡಿಗೆ ವಿದ್ಯುತ್ತು ಬಂದ ವರ್ಷ, ಮೊದಲ ಯಂತ್ರವನ್ನು ತಂದ ವರ್ಷ, ಹೊಟ್ಟನ್ನು ಯಾರಿಗೆ ಯಾವ ಬೆಲೆಗೆ ಕೊಡುತ್ತಿದ್ದರೆಂಬ ವಿವರ, ಉಪಕರಣಗಳ ಸ್ಥಳೀಯ ಹೆಸರುಗಳು, ಕೆಮ್ಮು ಉಬ್ಬಸಗಳ ವೃತ್ತಾಂತ ಇವುಗಳನ್ನು ಅವರ ಅನುಮತಿಯೊಡನೆ ಬರೆದಿಟ್ಟುಕೊಳ್ಳುವುದು ಒಂದು ಕಾಲೇಜಿನ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಭರಮಸಾಗರ, ಸಿರಿಗೆರೆ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಂತಹ ಸ್ಥಳಗಳಿಂದ ಹೀಗೆ ದೊರೆತ ವಿವರಗಳನ್ನು ಹೋಲಿಸಿ ನೋಡಿದರೆ, ಯಂತ್ರಯುಗವು ಬಯಲುಸೀಮೆಯ ಕಸುಬುಗಾರನ ಜೀವನವನ್ನು ಪ್ರವೇಶಿಸಿದ ಬಗೆಯು ನಮಗೆ ಪ್ರಥಮ ಬಾರಿಗೆ ಸ್ಪಷ್ಟವಾದೀತು. ಅಂಥ ಸಮೀಕ್ಷೆಗೆ ಹೊರಟವರು ಅಂಗಡಿಯ ಕೆತ್ತನೆಯ ಬಾಗಿಲನ್ನು ನೋಡಿ ಮೆಚ್ಚುವುದರ ಜೊತೆಗೆ, ಯಂತ್ರದ ಬೆನ್ನಿಗೆ ಕೊಳವೆಯಿದೆಯೇ, ಇದ್ದರೆ ಅದರ ಇನ್ನೊಂದು ತುದಿಯು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಟಿಪ್ಪಣಿ ಮಾಡಿಕೊಳ್ಳತಕ್ಕದ್ದು.